ಹಳೆಯ ಜರ್ಮನ್ ಟಾರ್ಗೆಟ್ ರೈಫಲ್‌ನ ಸೈಟ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಡಯಾಪ್ಟರ್ ಬಗ್ಗೆ ಇವೆ. ಸಣ್ಣ ತೂತಿನಿಂದ ನೋಡಿ ಗುರಿ ಹಿಡಿಯುವ ಹಿಂದಿನ ಸೈಟ್‌ಗೆ ಆ ಹೆಸರು. ಅದು ಅಳತೆಯ ಉಪಕರಣ. ವರ್ನಿಯರ್ ಕ್ಯಾಲಿಪರ್ ಕೈಗೆತ್ತಿಕೊಂಡಷ್ಟೇ ನಾಜೂಕಾಗಿ ಅದನ್ನೂ ಮುಟ್ಟಬೇಕು.

ಪ್ರಶ್ನೆ: ಹಳೆಯ ಫೈನ್‌ವೆರ್ಕ್‌ಬೌ 300 ಏರ್ ರೈಫಲ್ ಐತಿ. ಸೈಟ್‌ನ ಪಕ್ಕದ ನಾಬ್ ಅರ್ಧ ಸುತ್ತು ತಿರುಗಿ ನಿಂತುಬಿಡ್ತದ, ಕ್ಲಿಕ್ ಸದ್ದೂ ಇಲ್ಲ. ಒಳಗಿನ ಥ್ರೆಡ್ ಸವೆದೈತಿ, ಹೊಸ ಸೈಟ್ ಹಾಕಿಸ್ರಿ ಅಂತಾರ. ಖರೇನಾ? (ಸಂಡೂರು)

ಥ್ರೆಡ್ ಸವೆದಿದ್ದರೆ ನಾಬ್ ಸಡಿಲವಾಗಿ ಆಡುತ್ತಿತ್ತು, ಹೀಗೆ ಬಿಗಿಯುತ್ತಿರಲಿಲ್ಲ. ಇದು ಒಣಗಿದ ಗ್ರೀಸ್ ಮತ್ತು ಧೂಳಿನ ಕೆಲಸ. ನಿಮ್ಮ ಕಡೆಯ ಕೆಂಪು ಧೂಳು ಕಬ್ಬಿಣದ ಆಕ್ಸೈಡ್. ಗ್ರೀಸ್ ಜೊತೆ ಬೆರೆತರೆ ಅದೇ ಉಜ್ಜುವ ಪೇಸ್ಟ್ ಆಗುತ್ತದೆ. ಹಾಗಾಗಿ ಇಕ್ಕಳ ಹಾಕಿ ತಿರುಗಿಸಲೇಬೇಡಿ. ಇಷ್ಟು ದಿನ ಸವೆಯದ ಥ್ರೆಡ್ ಆಗ ನಿಜಕ್ಕೂ ಸವೆಯುತ್ತದೆ.

ಕ್ಲ್ಯಾಂಪ್ ಸ್ಕ್ರೂ ಸಡಿಲಿಸಿ 11 ಮಿ.ಮೀ. ರೈಲ್‌ನಿಂದ ಸೈಟ್ ಬಿಡಿಸಿ. ಕಣ್ಣಿಗಿಡುವ ತೂತಿನ ಬಿಲ್ಲೆ, ರಬ್ಬರ್, ಗಾಜು ಇದ್ದರೆ ಅದನ್ನೂ ತೆಗೆದಿಡಿ. ಉಳಿದ ಲೋಹದ ಭಾಗ ಒಂದು ಇಡೀ ದಿನ ಸೀಮೆಎಣ್ಣೆಯಲ್ಲೋ ಪೇಂಟ್ ಅಂಗಡಿಯ ಟರ್ಪಂಟೈನ್‌ನಲ್ಲೋ ನೆನೆಯಲಿ. ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ನಾಬನ್ನು ಕೂದಲೆಳೆಯಷ್ಟು ಹಿಂದಕ್ಕೆ, ಮುಂದಕ್ಕೆ ಆಡಿಸಿ. ಬಿಡದಿದ್ದರೆ ಅಸಿಟೋನ್ ಮತ್ತು ಕಾರಿನ ಪವರ್ ಸ್ಟೀರಿಂಗ್‌ಗೆ ಹಾಕುವ ಎಟಿಎಫ್ ಎಣ್ಣೆ ಸಮ ಪ್ರಮಾಣದಲ್ಲಿ ಬೆರೆಸಿ, ನಾಲ್ಕು ಹನಿ ಹಾಕಿ ರಾತ್ರಿಯಿಡೀ ಬಿಡಿ. ಈ ಕೆಲಸ ಕಿಟಕಿ ತೆಗೆದು, ಒಲೆಯಿಂದ ದೂರ ಕೂತು ಮಾಡಿ.

ನಾಬ್ ಬಿಚ್ಚುವ ಸ್ಕ್ರೂಡ್ರೈವರ್ ತುದಿ ಸ್ಕ್ರೂವಿನ ಸೀಳಿನ ತುಂಬ ಕೂರಬೇಕು. ಸಣ್ಣದಾದರೆ ಸೀಳಿನ ಅಂಚು ಕಿತ್ತುಬರುತ್ತದೆ. ಎಷ್ಟು ಸುತ್ತಿಗೆ ಸ್ಕ್ರೂ ಹೊರಬಂತೆಂದು ಬರೆದಿಡಿ. ಕೈ ಎರಡನ್ನೂ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡೇ ನಾಬ್ ಎಳೆಯಿರಿ. ಕ್ಲಿಕ್ ಸದ್ದು ಬರಿಸುವ ಬೇರಿಂಗ್ ಗುಂಡು ಸಾಸಿವೆ ಕಾಳಿಗಿಂತ ಅಷ್ಟೇನೂ ದೊಡ್ಡದಲ್ಲ. ಅದರ ಹಿಂದಿನ ಸ್ಪ್ರಿಂಗ್ ಅದನ್ನು ಚಿಮ್ಮಿಸಿದರೆ ಮಂಚದಡಿ ಹುಡುಕುವುದೇ ಕೆಲಸ. ಕಳೆದುಹೋದರೆ ಕುಳಿಯನ್ನು ವರ್ನಿಯರ್‌ನಲ್ಲಿ ಅಳೆದು ಬೇರಿಂಗ್ ಅಂಗಡಿಯಿಂದ ಅದೇ ಅಳತೆಯ ಗುಂಡು ತನ್ನಿ. ಸ್ಪ್ರಿಂಗ್ ಎಳೆದು ಉದ್ದ ಮಾಡಬೇಡಿ, ಕ್ಲಿಕ್ ಒಂದೊಂದು ಕಡೆ ಒಂದೊಂದು ಥರ ಆಗುತ್ತದೆ.

ತಿರುಗಿ ಜೋಡಿಸುವಾಗ ಥ್ರೆಡ್‌ಗೆ ಸಾಸಿವೆಯಷ್ಟು ಲಿಥಿಯಂ ಗ್ರೀಸ್, ಜಾರುವ ಕಡೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಹಾಕಿ ಒರೆಸಿ. ಅಡುಗೆಮನೆಯ ಕುಸುಬೆ ಎಣ್ಣೆ ಬೇಡ. ಅದು ಗಾಳಿಗೆ ಒಣಗಿ ವಾರ್ನಿಷ್‌ನಂತೆ ಗಟ್ಟಿಯಾಗುವ ಜಾತಿಯದು, ಕೆಲವೇ ತಿಂಗಳಲ್ಲಿ ನಾಬ್ ಮತ್ತೆ ಹಿಡಿದುಕೊಳ್ಳುತ್ತದೆ.

ಪ್ರಶ್ನೆ: 10 ಮೀಟರ್‌ನಲ್ಲಿ ಪೆಲೆಟ್ 6 ಮಿ.ಮೀ. ಕೆಳಗೆ ಬೀಳುತ್ತಿತ್ತು. ‘ಎಚ್’ ಗುರುತಿನ ಕಡೆಗೆ 20 ಕ್ಲಿಕ್ ತಿರುಗಿಸಿದೆ. ಮೇಲೆ ಬರುವ ಬದಲು 11 ಮಿ.ಮೀ. ಕೆಳಗೆ ಹೋಯಿತು. ಸೈಟ್ ಕೆಟ್ಟಿದೆಯೇ? (ರಾಯಚೂರು)

ಸೈಟ್ ಸರಿಯಾಗಿಯೇ ಇದೆ. ಬಹುತೇಕ ಜರ್ಮನ್ ಡಯಾಪ್ಟರ್‌ಗಳಲ್ಲಿ ಅಕ್ಷರ ಹೇಳುವುದು ಏಟು ಎಲ್ಲಿ ಬಿದ್ದಿದೆ ಎಂಬುದನ್ನು. ಎಲ್ಲಿಗೆ ಹೋಗಬೇಕು ಎಂಬುದನ್ನಲ್ಲ. ‘ಎಚ್’ ಎಂದರೆ ಹೋಖ್, ಮೇಲೆ. ಏಟು ಮೇಲೆ ಬಿದ್ದಿದ್ದರೆ ‘ಎಚ್’ ಕಡೆ ತಿರುಗಿಸು, ಕೆಳಗೆ ಬರುತ್ತದೆ ಎಂದು ಅದರ ಅರ್ಥ. ‘ಟಿ’ ಎಂದರೆ ಟೀಫ್, ಕೆಳಗೆ. ‘ಆರ್’ ಬಲ, ‘ಎಲ್’ ಎಡ, ಅವಕ್ಕೂ ಇದೇ ಲೆಕ್ಕ. ಇಂಗ್ಲಿಷಿನಲ್ಲಿ ‘ಅಪ್’ ಎಂದು ಕೊರೆದ ಸೈಟ್‌ಗಳಲ್ಲಿ ಇದು ತಿರುಗುಮುರುಗು. ಅದಕ್ಕೇ ಬೇರೆಯವರ ರೈಫಲ್ ಕೈಗೆ ಬಂದಾಗ ಮೊದಲು ಐದು ಪೆಲೆಟ್ ಹಾರಿಸಿ, 10 ಕ್ಲಿಕ್ ತಿರುಗಿಸಿ, ಮತ್ತೆ ಐದು ಹಾರಿಸಿ ದಿಕ್ಕು ಕಂಡುಕೊಳ್ಳುವುದು ಒಳ್ಳೆಯದು.

ನಿಮ್ಮ ತಪ್ಪಿನಿಂದಲೇ ಒಂದು ಉಪಕಾರವಾಗಿದೆ. 20 ಕ್ಲಿಕ್‌ಗೆ 5 ಮಿ.ಮೀ. ಜರುಗಿದೆ, ಅಂದರೆ ಒಂದು ಕ್ಲಿಕ್‌ಗೆ 0.25 ಮಿ.ಮೀ. ಈಗ 11 ಮಿ.ಮೀ. ಮೇಲೆ ತರಲು ‘ಟಿ’ ಕಡೆಗೆ 44 ಕ್ಲಿಕ್. ಸೈಟ್ ಎಷ್ಟು ಜರುಗಬೇಕೆಂದು ನೇರವಾಗಿ ಲೆಕ್ಕ ಹಾಕಬೇಕಿದ್ದರೆ, ಟಾರ್ಗೆಟ್ ಮೇಲಿನ ತಪ್ಪನ್ನು ಎರಡು ಸೈಟ್‌ಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. ಅಂತರ 760 ಮಿ.ಮೀ. ಇದ್ದರೆ 0.25 ಗುಣಿಸು 760, ಭಾಗಿಸು 10,000. ಒಂದು ಕ್ಲಿಕ್‌ಗೆ ಸೈಟ್ ಜರುಗುವುದು ಸುಮಾರು 0.019 ಮಿ.ಮೀ. ಇಷ್ಟು ಸಣ್ಣ ಚಲನೆಯಲ್ಲಿ ಧೂಳಿನ ಕಣವೊಂದು ಏನೇನು ಮಾಡಬಲ್ಲದೆಂದು ಊಹಿಸಿಕೊಳ್ಳಿ.

ಲೇತ್ ಅಂಗಡಿಯಲ್ಲಿ 0.01 ಮಿ.ಮೀ.ಯ ಡಯಲ್ ಗೇಜ್ ಇರುತ್ತದೆ. ಸೈಟನ್ನು ವೈಸ್‌ನಲ್ಲಿ ಬಟ್ಟೆ ಸುತ್ತಿ ಹಿಡಿದು, ಗೇಜ್ ಮುಳ್ಳು ಸೊನ್ನೆಗೆ ತಂದು, 20 ಕ್ಲಿಕ್ ತಿರುಗಿಸಿ. 0.38ರ ಆಸುಪಾಸು ತೋರಿಸಬೇಕು. ಅಷ್ಟೇ ಕ್ಲಿಕ್ ಹಿಂದಕ್ಕೆ ತಿರುಗಿಸಿದಾಗ ಸೊನ್ನೆಗೆ ಬರದಿದ್ದರೆ ಥ್ರೆಡ್‌ನಲ್ಲಿ ಸಡಿಲ ಇದೆ. ಹಳೆಯ ಸೈಟ್‌ಗಳಲ್ಲಿ ಇದು ಸ್ವಲ್ಪ ಇದ್ದೇ ಇರುತ್ತದೆ. ಉಪಾಯವಿಷ್ಟೆ: ಕೊನೆಯ ತಿರುವು ಯಾವಾಗಲೂ ಒಂದೇ ದಿಕ್ಕಿನದಿರಲಿ. ಕೊನೆಗೆ ‘ಟಿ’ ಕಡೆಗೆ ತಿರುಗಿಸಿಯೇ ನಿಲ್ಲಿಸುವುದಾದರೆ, ‘ಎಚ್’ ಕಡೆ ಹೋಗಬೇಕಾದಾಗ ಐದು ಕ್ಲಿಕ್ ಹೆಚ್ಚಿಗೆ ಹೋಗಿ, ಆ ಐದನ್ನು ‘ಟಿ’ ಕಡೆಗೆ ವಾಪಸ್ ತನ್ನಿ.

ಪ್ರಶ್ನೆ: ಡಯಾನಾ 75ರ ಸೈಟ್‌ಗೆ ಕೆಂಪು ತುಕ್ಕು ಹಿಡಿದಿದೆ. ಹುಣಸೆಹಣ್ಣು ತಿಕ್ಕಿದರೆ ಹೋಗುತ್ತದಂತೆ, ಹೌದೇ? (ಗಂಗಾವತಿ)

ಹೋಗುತ್ತದೆ, ತುಕ್ಕಿನ ಜೊತೆ ಸೈಟ್‌ನ ಕಪ್ಪು ಬಣ್ಣವೂ ಹೋಗುತ್ತದೆ. ಉಕ್ಕಿನ ಮೇಲಿನ ಆ ಕಪ್ಪು ಕೂಡ ಕಬ್ಬಿಣದ ಆಕ್ಸೈಡೇ. ಹುಣಸೆ, ನಿಂಬೆ, ವಿನೆಗರ್ ಮೂರೂ ಹುಳಿ, ಅವಕ್ಕೆ ಕೆಂಪು ಯಾವುದು, ಕಪ್ಪು ಯಾವುದು ಎಂಬ ಭೇದ ಗೊತ್ತಾಗುವುದಿಲ್ಲ. ಹಿತ್ತಾಳೆ ತಂಬಿಗೆಗೆ ಮಾತ್ರ ಅದು ಸರಿ.

ಕುದಿಸುವುದು ಒಳ್ಳೆಯ ದಾರಿ. ಇದು ಬರೀ ಉಕ್ಕಿನ ಭಾಗಕ್ಕೆ ಮಾತ್ರ. ಅಲ್ಯೂಮಿನಿಯಂ, ಸತು ಅಥವಾ ಪ್ಲಾಸ್ಟಿಕ್ ಭಾಗಕ್ಕೆ ಬೇಡ. ಆಯಸ್ಕಾಂತ ಇಟ್ಟು ನೋಡಿದರೆ ತಿಳಿಯುತ್ತದೆ. ಎಣ್ಣೆಯ ಪಸೆ ಅಸಿಟೋನ್‌ನಲ್ಲಿ ಪೂರ್ತಿ ತೆಗೆದು, ಸ್ಟೀಲ್ ಪಾತ್ರೆಯಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕುದಿಸಿ, 20ರಿಂದ 30 ನಿಮಿಷ ಮುಳುಗಿಸಿಡಿ. ಕೆಂಪು ತುಕ್ಕು ಕಪ್ಪಿಗೆ ತಿರುಗುತ್ತದೆ. ಹೊರತೆಗೆದು ಒಣಗಿಸಿ, 0000 ನಂಬರಿನ ಸ್ಟೀಲ್ ವುಲ್‌ನಿಂದ ಸಡಿಲ ಪುಡಿಯನ್ನಷ್ಟೇ ಒರೆಸಿ, ಎಣ್ಣೆ ಸವರಿ. ಬೋರ್‌ವೆಲ್ ನೀರು ಬಳಸಿದರೆ ಸುಣ್ಣದ ಬಿಳಿ ಕಲೆ ಉಳಿದುಬಿಡುತ್ತದೆ. ಗುಂಡಿ ಬಿದ್ದ ಕಡೆ ಗುಂಡಿ ಹಾಗೇ ಇರುತ್ತದೆ. ಮಟ್ಟ ಮಾಡಲು ಎಮ್ರಿ ಕಾಗದ ಹಿಡಿದರೆ ಸೈಟ್ ಮೇಲಿನ ಗೆರೆ, ಅಂಕಿ ಅಳಿಸಿಹೋಗುತ್ತವೆ. ಗುಂಡಿ ಇದ್ದರೆ ಇರಲಿ.

ಪ್ರಶ್ನೆ: ಅಜ್ಜನ ಕಾಲದ, 8.15x46ಆರ್ ತೋಟಾ ಹಾಕುವ ಜರ್ಮನ್ ರೈಫಲ್‌ನ ಹಿಂದಿನ ಸೈಟ್‌ಗೆ ಒಂದು ಸ್ಕ್ರೂ ಇಲ್ಲ. ಮನೆಯಲ್ಲೇ ಹಾಕಬಹುದೇ? (ಸಿರುಗುಪ್ಪ)

ಬೇಡ. ಇದು ಸಿಡಿಮದ್ದಿನ ಬಂದೂಕು. ಹಳೆಯದು ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ತಪ್ಪುವುದಿಲ್ಲ. 1959ರ ಆಯುಧ ಕಾಯ್ದೆಯ 45ನೇ ಕಲಮು ಹೊರಗಿಡುವುದು ರಿಪೇರಿ ಮಾಡಿದರೂ ಹಾರಿಸಲಾಗದ ಹಳೆಯ ಆಯುಧವನ್ನಷ್ಟೇ. ಲೈಸೆನ್ಸ್ ಸಮೇತ ಪರವಾನಗಿ ಇರುವ ಗನ್ ಹೌಸ್‌ಗೆ ಒಯ್ಯಿರಿ. ಅಲ್ಲಿ ಒಂದು ಮಾತು ಹೇಳಿ: ಆ ಕಾಲದ ಜರ್ಮನ್ ಸಣ್ಣ ಸ್ಕ್ರೂಗಳಲ್ಲಿ ಲೋವನ್‌ಹೆರ್ಟ್ಸ್ ಥ್ರೆಡ್ ಇರಬಹುದು. ಅದರ ಕೋನ 53 ಡಿಗ್ರಿ 8 ನಿಮಿಷ, ಇಂದಿನ ಮೆಟ್ರಿಕ್‌ನದು 60 ಡಿಗ್ರಿ. ಎಂ3 (3 ಮಿ.ಮೀ. ಮೆಟ್ರಿಕ್) ಸ್ಕ್ರೂ ಎರಡು ಸುತ್ತು ಹೋಗಿ ಬಿಗಿಯಾದರೆ ಅಲ್ಲೇ ನಿಲ್ಲಿಸಬೇಕು. ಒತ್ತಿ ತಿರುಗಿಸಿದರೆ ಮೂಲ ಥ್ರೆಡ್ ಹಾಳು.

ಪ್ರಶ್ನೆ: ಹೊರಗೆ ಬಿಸಿಲಲ್ಲಿ ಅಭ್ಯಾಸ ಮಾಡುವಾಗ ಮುಂದಿನ ಸೈಟ್‌ನ ಉಂಗುರ ಬೂದಿ ಬಣ್ಣಕ್ಕೆ ಕಾಣುತ್ತದೆ, ಕಪ್ಪು ವೃತ್ತದ ಅಂಚು ಸಿಗುವುದಿಲ್ಲ. (ಕೊಪ್ಪಳ)

ಎರಡು ಕಾರಣ ಇರಬಹುದು. ಒಂದು, ಉಂಗುರ ಸಣ್ಣದು. 10 ಮೀಟರ್ ಟಾರ್ಗೆಟ್‌ನ ಕಪ್ಪು ವೃತ್ತದ ವ್ಯಾಸ 30.5 ಮಿ.ಮೀ. ಕಣ್ಣಿನಿಂದ ಮುಂದಿನ ಸೈಟ್ 88 ಸೆಂ.ಮೀ. ದೂರ ಇದ್ದರೆ ಆ ವೃತ್ತ ಅಲ್ಲಿ ಸುಮಾರು 2.7 ಮಿ.ಮೀ. ಕಾಣುತ್ತದೆ. 3 ಮಿ.ಮೀ. ಉಂಗುರ ಹಾಕಿದರೆ ಸುತ್ತ ಬೆಳಕು ಉಳಿಯುವುದೇ ತೀರಾ ಕಡಿಮೆ. 3.6ರಿಂದ 4.0 ಹಾಕಿ ನೋಡಿ, ಬಿಳಿ ಬಳೆ ಸ್ಪಷ್ಟವಾಗಿ ಕಾಣಬೇಕು.

ಇನ್ನೊಂದು, ಉಂಗುರದ ಕಪ್ಪು ಸವೆದು ಲೋಹ ಹೊಳೆಯುತ್ತಿದೆ. ಇದಕ್ಕೆ ಪೇಂಟ್ ಬಳಿದರೆ ದಪ್ಪವಾಗಿ ಅಳತೆ ಕೆಡುತ್ತದೆ. ದೇವರ ಮನೆಯ ಕರ್ಪೂರ ಸಾಕು. ಉಂಗುರವನ್ನು ಸೈಟ್‌ನಿಂದ ಬಿಡಿಸಿ, ಎಣ್ಣೆ ಒರೆಸಿ, ಚಿಮಟದಲ್ಲಿ ಹಿಡಿಯಿರಿ. ಕರ್ಪೂರದ ಬಿಲ್ಲೆ ಹಚ್ಚಿ, ಉರಿಯ ತುದಿಗಿಂತ ಸ್ವಲ್ಪ ಮೇಲೆ, ಹೊಗೆ ಏಳುವಲ್ಲಿ ಎರಡು ಮೂರು ಸೆಕೆಂಡ್ ಆಡಿಸಿ. ಕಾಡಿಗೆಯಂಥ ಮಸಿ ಕೂರುತ್ತದೆ, ಅದಕ್ಕೆ ಎಳ್ಳಷ್ಟೂ ಹೊಳಪಿಲ್ಲ. ಬೆರಳು ತಾಕಿದರೆ ಅಳಿಯುತ್ತದೆ, ಆದ್ದರಿಂದ ಅಂಚು ಹಿಡಿದೇ ಕೂರಿಸಿ. ಅಭ್ಯಾಸ ಮುಗಿದ ಮೇಲೆ ಮಸಿ ಒರೆಸಿ ಎಣ್ಣೆ ಸವರಿ. ಮಸಿ ತೇವ ಹಿಡಿದಿಟ್ಟರೆ ಅದರಡಿಯಲ್ಲೇ ತುಕ್ಕು ಶುರುವಾಗುತ್ತದೆ.