ಮಾಲ ಮೀನಿನ ಹುಣ್ಣು, ನಮ್ಮ ತೋಡಿನ ನೀರು

ಓದುಗರ ಪತ್ರ: ಶಿರಿಯ ಹೊಳೆಯ ಅಳಿವೆಯಲ್ಲಿ ಸಿಕ್ಕಿದ ಮಾಲ ಮೀನಿನ ಮೈಮೇಲೆ ಕೆಂಪು ಹುಣ್ಣು ಇತ್ತು. ಹಡಗಿನ ವಿಷ ಇಲ್ಲಿಗೂ ಬಂತು ಅಂತ ಎಲ್ಲರೂ ಹೇಳುತ್ತಾರೆ. ನಿಮ್ಮ ಪತ್ರಿಕೆಯೂ ಫೋಟೊದ ಕೆಳಗೆ ಹಾಗೇ ಬರೆದಿತ್ತು. ಎರಡು ವಾರದಿಂದ ಮನೆಯಲ್ಲಿ ಮೀನು ಬಿಟ್ಟಿದ್ದೇವೆ. ಬೂತಾಯಿಯನ್ನೂ ತಿನ್ನಬಾರದಾ?
— ಕುಂಬಳೆಯ ಒಬ್ಬರು ನಿವೃತ್ತ ಅಧ್ಯಾಪಕರು

ಸಂಪಾದಕರ ಉತ್ತರ:

ಪ್ರಿಯ ಮಾಷ್ಟ್ರೇ,

ಬೂತಾಯಿ ಧಾರಾಳ ತಿನ್ನಿ. ಆ ಫೋಟೊದ ಕೆಳಗೆ ‘ಹಡಗಿನ ವಿಷ’ ಎಂದು ಬರೆದದ್ದು ನಮ್ಮ ತಪ್ಪು. ಊರಲ್ಲಿ ಕೇಳಿದ್ದನ್ನು ವಿಚಾರಿಸದೆ ಹಾಕಿಬಿಟ್ಟೆವು.

2025ರ ಮೇ 25ಕ್ಕೆ ಎಂಎಸ್‌ಸಿ ಎಲ್ಸಾ 3 ಮುಳುಗಿದ್ದು ಕೊಚ್ಚಿಯ ಹೊರಗೆ. 640 ಕಂಟೇನರ್ ಇದ್ದ ಹಡಗು. ಮಳೆಗಾಲದಲ್ಲಿ ನಮ್ಮ ಕರಾವಳಿಯ ನೀರು ಹರಿಯುವುದು ತೆಂಕಕ್ಕೆ. ಹಾಗಾಗಿ ಅದರ ಪ್ಲಾಸ್ಟಿಕ್ ಕಾಳುಗಳು ತಿರುವನಂತಪುರದ ಮರಳಿನ ಮೇಲೆ ಬಿದ್ದವು. ಜೂನ್ 9ಕ್ಕೆ ಕಣ್ಣೂರಿನ ಹೊರಗಡಲಲ್ಲಿ ಇನ್ನೊಂದು ಹಡಗಿಗೆ ಬೆಂಕಿ ಹಿಡಿಯಿತು. ಅದೂ ನಮ್ಮಿಂದ ತೆಂಕಕ್ಕೇ. ಹಡಗು ಸಾಚಾ ಅಂತಲ್ಲ, ಈ ಹುಣ್ಣು ಅದರದ್ದಲ್ಲ ಅಷ್ಟೆ.

ನಿಮ್ಮ ಪತ್ರ ಬಂದ ಮೇಲೆ ನಾನೇ ಒಂದು ಬೆಳಿಗ್ಗೆ ಅಳಿವೆಗೆ ಹೋದೆ. ಮೀನು ಮಾರುವ ಒಬ್ಬರು ಅಕ್ಕ ಬುಟ್ಟಿಯಿಂದ ಒಂದು ಮಾಲ ಎತ್ತಿ ಬದಿಗೆ ಇಟ್ಟಿದ್ದರು. “ಇದು ಬೇಡ ಅಣ್ಣ, ಕೋಳಿಗೂ ಹಾಕುವುದಿಲ್ಲ.” ಬೆನ್ನಿನ ಹತ್ತಿರ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಗಾಯ. ಅಂಚು ಕಡುಕೆಂಪು, ನಡುವೆ ಮಾಂಸ ಬೆಳ್ಳಗೆ ಕೊಳೆತಿತ್ತು. ಸುತ್ತಲಿನ ಹುರುಪೆ ಬೆರಳು ತಾಗಿದರೆ ಉದುರುತ್ತಿತ್ತು.

ಲಕ್ಷಣ ನೋಡಿದರೆ ಇದು ಹಳೆಯ ಪರಿಚಯದ ರೋಗ. ಅಫನೊಮೈಸಿಸ್ ಎಂಬ ಬೂಷ್ಟಿನಂಥ ಜೀವಿ ಇದಕ್ಕೆ ಕಾರಣ. ಕೇರಳದ ಒಳನಾಡಿನ ಮೀನುಗಳಿಗೆ 1991ರಲ್ಲಿ ಬಂದಿತ್ತು, 2018ರ ನೆರೆಯ ನಂತರ ಮತ್ತೆ ತಲೆ ಎತ್ತಿತು. ಜೋರು ಮಳೆಗೆ ನೀರು ತಂಪಾಗಿ, ಅಳಿವೆಯ ಉಪ್ಪು ಕಡಿಮೆಯಾದಾಗ ಅದಕ್ಕೆ ಹಬ್ಬ. ಪೂರ್ತಿ ಉಪ್ಪುನೀರಿನಲ್ಲಿ ಅದರ ಆಟ ನಡೆಯುವುದಿಲ್ಲ. ಕಡಲ ಮೀನಾದ ಬೂತಾಯಿ ತಿನ್ನಿ ಎಂದದ್ದು ಅದಕ್ಕೇ, ಬಂಗುಡೆಯೂ ಆದೀತು. ಮನುಷ್ಯರಿಗೂ ಇದು ಅಂಟುವುದಿಲ್ಲ. ಆದರೆ ಗಾಯದಲ್ಲಿ ಬೇರೆ ಬ್ಯಾಕ್ಟೀರಿಯಾ ಸೇರಿರುತ್ತವೆ, ಹುಣ್ಣಿನ ಮೀನು ಅಡುಗೆಮನೆಗೆ ಬೇಡ. ಆ ಅಕ್ಕನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ ನೋಡಿ.

ಇಷ್ಟಕ್ಕೇ ನಿಲ್ಲಿಸಿದರೆ ನಿಮಗೂ ಸಮಾಧಾನ, ನನಗೂ ಸಮಾಧಾನ. ಆದರೆ ಗಟ್ಟಿಮುಟ್ಟು ಮೀನಿನ ಮೈಗೆ ಆ ಬೂಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಮೀನಿನ ಮೈಮೇಲಿನ ಲೋಳೆಯೇ ಅದರ ಕವಚ. ನೀರು ಹುಳಿಯಾದರೆ ಆ ಲೋಳೆಯೂ ಚರ್ಮವೂ ಕೆಡುತ್ತವೆ, ರೋಗಕ್ಕೆ ಬಾಗಿಲು ತೆರೆಯುತ್ತದೆ. ನಮ್ಮದು ಮುರಕಲ್ಲಿನ ನೆಲ, ಮಣ್ಣೇ ಹುಳಿ. ಅದರ ಮೇಲೆ ಪೇಟೆಯ ಚರಂಡಿ ನೀರು, ಮೀನಿನ ತ್ಯಾಜ್ಯ, ಕೊಳೆಹಾಕಿದ ತೆಂಗಿನ ಸಿಪ್ಪೆ. ಇವೆಲ್ಲ ಕೊಳೆಯುವಾಗ ನೀರಿನ ಆಮ್ಲಜನಕವನ್ನು ತಿಂದುಬಿಡುತ್ತವೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ತೆರೆದು ಏದುಸಿರು ಬಿಡುವುದನ್ನು ನೀವು ನೋಡಿರಬಹುದು. ಸಾಯದಿದ್ದರೂ ಅಂಥ ಮೀನು ಸೋತಿರುತ್ತದೆ. ಸಾವು ಎಲ್ಲರಿಗೂ ಕಾಣುತ್ತದೆ, ಸೋಲು ಕಾಣುವುದು ಹೀಗೆ ಹುಣ್ಣಾಗಿ.

ಇನ್ನೊಂದು ವಿಷಯ, ಹೇಳಲು ನನಗೇ ಸ್ವಲ್ಪ ಮುಜುಗರ. ಕೊಳೆರೋಗಕ್ಕೆ ನಾವೆಲ್ಲ ಅಡಿಕೆಗೆ ಬೋರ್ಡೋ ಮದ್ದು ಬಿಡುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಅಂದರೆ ತಾಮ್ರ. ತಾಮ್ರ ಮೀನಿನ ಕಿವಿರನ್ನು ಸುಡುತ್ತದೆ. ಕೊಲ್ಲಲಾರದಷ್ಟು ಕಡಿಮೆ ಇದ್ದಾಗಲೂ ಅದರ ಮೂಗನ್ನು ಕೆಡಿಸುತ್ತದೆ. ಹೊರದೇಶದ ಸಾಲ್ಮನ್ ಮೀನುಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ವಾಸನೆ ತಿಳಿಯದ ಮೀನಿಗೆ ಶತ್ರು ಹತ್ತಿರ ಬಂದದ್ದೂ ಗೊತ್ತಾಗುವುದಿಲ್ಲ. ನಮ್ಮ ಹೊಳೆಗಳಂಥ ಮೆದುನೀರಿನಲ್ಲಿ ತಾಮ್ರದ ಕಾಟ ಜಾಸ್ತಿ. ಈ ಹುಣ್ಣಿಗೆ ತಾಮ್ರವೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಮದ್ದಿನ ಡ್ರಮ್ಮನ್ನು ನಾವು ತೊಳೆಯುವುದು ಎಲ್ಲಿ? ತೋಡಿನ ಬದಿಯಲ್ಲೇ ಅಲ್ವಾ? ನಮ್ಮ ತೋಟದಲ್ಲೂ ಹೋದ ವರ್ಷದವರೆಗೆ ಹಾಗೇ ಇತ್ತು. ನೀಲಿ ನೀರು ಕಲ್ಲಿನ ಸಂದಿಯಲ್ಲಿ ಇಳಿದುಹೋಗುವುದನ್ನು ನಾನೇ ಸುಮ್ನೆ ನಿಂತು ನೋಡಿದ್ದೇನೆ. ತೋಡು ಹೊಳೆಗೆ, ಹೊಳೆ ಅಳಿವೆಗೆ.

ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದ ಜಿಲ್ಲೆ ನಮ್ಮ ಕಾಸರಗೋಡು. 2000ದಲ್ಲಿ ಅದು ನಿಂತಿತು. ಅದರ ವಿಷ ಬೇಗ ತಟ್ಟುವುದು ಮೀನಿಗೇ. ಗುಡ್ಡದ ಮೇಲೆ ಬಿದ್ದದ್ದು ಕೆಳಗಿನ ನೀರಿಗೆ ಬರುತ್ತದೆ ಎಂದು ನಮಗೆ ಬೇರೆಯವರು ಬಂದು ಪಾಠ ಹೇಳಬೇಕಾ?

ಈಗ ನಾವು ಡ್ರಮ್ ತೊಳೆದ ನೀರನ್ನು ಅಡಿಕೆಯ ಬುಡಕ್ಕೇ ಹೊಯ್ಯುತ್ತೇವೆ, ತೋಡಿನಿಂದ ದೂರದ ಸಾಲಿಗೆ. ಕೆಲಸದವರಿಗೆ ನಾಲ್ಕು ಹೆಜ್ಜೆ ಜಾಸ್ತಿ, ಅಷ್ಟೆ.

ನೀವು ಒಂದು ಉಪಕಾರ ಮಾಡಬೇಕು. ಮತ್ತೆ ಹುಣ್ಣಿನ ಮೀನು ಕಂಡರೆ ಫೋಟೊ ಕಳಿಸಿ. ತಾರೀಕು, ಸಿಕ್ಕಿದ ಜಾಗ, ಹಿಂದಿನ ವಾರ ಮಳೆ ಹೇಗಿತ್ತು ಎಂದೂ ಬರೆಯಿರಿ. ಆ ದಿನದ ಅಳಿವೆ ನೀರಿನದ್ದೂ ಒಂದು ಫೋಟೊ ಇರಲಿ. ಈ ಸಲ ಅದರ ಕೆಳಗಿನ ಸಾಲನ್ನು ವಿಚಾರಿಸಿಯೇ ಬರೆಯುತ್ತೇವೆ.

— ಸಂ.