ಥೀಸಿಸ್‌ಗೆ ಸೇರಿಸಿದ ರೋಗಿಗಳು 3 ತಿಂಗಳ ಫಾಲೋಅಪ್‌ಗೆ ಬರುತ್ತಿಲ್ಲ. ಅವರನ್ನು ಬಿಟ್ಟು ಲೆಕ್ಕ ಮಾಡಲಾ, ಹೊಸಬರನ್ನು ಸೇರಿಸಲಾ?

ರಾಯಚೂರು ಕಡೆ ಸರ್ಜರಿ ಪಿಜಿ, ಎರಡನೇ ವರ್ಷ, ಮೂರರಲ್ಲಿ ಒಂದು ಪಾಲು ರೋಗಿಗಳು ನಾಪತ್ತೆ, ಗೈಡ್ ಬೈಗುಳ. ನಿಮ್ಮ ಪ್ರಶ್ನೆ ಓದುವಾಗ ನನ್ನ ಹಳೇ ಡೈರಿ ಯಾರೋ ತೆಗೆದು ಓದಿದ ಹಾಗಾಯ್ತು. ನೀವು ಕೇಳಿದ ಎರಡೂ ಬೇಡ. ಮೂರನೆಯದೊಂದಿದೆ, ಅದಂತೂ ಬೇಡವೇ ಬೇಡ. ಸದ್ಯದಲ್ಲೇ ಯಾರಾದರೂ ಸೀನಿಯರ್ ಬಂದು ಅದನ್ನು ನಿಮ್ಮ ಕಿವಿಯಲ್ಲಿ ಹೇಳುತ್ತಾರೆ. ನಾನು ಮಾಡಿದ್ದು ಅದನ್ನೇ.

ನನ್ನ ಊರು ಗಂಗಾವತಿ ಹತ್ತಿರ. ಓದಿದ್ದು ನಮ್ಮ ಭಾಗದ್ದೇ ಒಂದು ಕಾಲೇಜಿನಲ್ಲಿ, ಹೆಸರು ಬೇಡ. ತೊಡೆಸಂದಿಯ ಹರ್ನಿಯಾಗೆ ಮೆಶ್, ಅಂದರೆ ಸಣ್ಣ ಬಲೆ, ಹಾಕುವ ಆಪರೇಷನ್ ನನ್ನ ವಿಷಯ. 30 ಜನಕ್ಕೆ ಸ್ಪೈನಲ್, ಅಂದರೆ ಬೆನ್ನಿಗೆ ಸೂಜಿ. 30 ಜನಕ್ಕೆ ಲೋಕಲ್, ಅಂದರೆ ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್. ಯಾರಿಗೆ ಯಾವುದು ಅನ್ನೋದು ಮುಚ್ಚಿದ ಲಕೋಟೆಯಲ್ಲಿ. ಲಿಚ್ಟೆನ್‌ಸ್ಟೈನ್ ಅನ್ನುವ ಸರ್ಜನ್ 1980ರ ದಶಕದಲ್ಲೇ ಲಾಸ್ ಏಂಜಲೀಸ್‌ನಲ್ಲಿ ಈ ಆಪರೇಷನ್ ಅನ್ನು ಲೋಕಲ್‌ನಲ್ಲಿ ಮಾಡಿ ಅದೇ ದಿನ ಮನೆಗೆ ಕಳಿಸುತ್ತಿದ್ದರು. ನಮ್ಮಲ್ಲಿ ಇನ್ನೂ ಎಲ್ಲಾ ಸ್ಪೈನಲ್. ಲೋಕಲ್ ಒಳ್ಳೇದು ಅಂತ ತೋರಿಸಿಬಿಡಬೇಕು ಅನ್ನೋ ಹುಮ್ಮಸ್ಸು ನನಗೆ.

ರೋಗಿಗಳಿಗೇನೂ ಬರ ಇರಲಿಲ್ಲ. ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆಯ ಹಮಾಲರು. ಭತ್ತದ ಚೀಲ ಅಂದರೆ 75 ಕೆಜಿ. ದಿನಕ್ಕೆ ಎಷ್ಟು ಸಲ ಬೆನ್ನಿಗೇರುತ್ತದೆ ಅಂತ ಅವರೇ ಎಣಿಸಲ್ಲ.

ವಾರ್ಡಿನಲ್ಲಿ ನಡೆದ ಭಾಗ ಚೆನ್ನಾಗೇ ಬಂತು. ಸ್ಪೈನಲ್ ಆದವರಲ್ಲಿ ಕೆಲವರಿಗೆ ಮೂತ್ರ ಕಟ್ಟಿತು, ಪೈಪ್ ಹಾಕಬೇಕಾಯ್ತು. ಲೋಕಲ್ ಆದವರು ಸಂಜೆಗೆ ಎದ್ದು ಚಹಾ ಹುಡುಕಿಕೊಂಡು ಹೋದರು. ನೋವಿನ ಅಳತೆ ಒಂದೇ ಸ್ವಲ್ಪ ತಮಾಷೆ. 10 ಸೆಂಟಿಮೀಟರ್ ಗೆರೆ ತೋರಿಸಿ "ಈ ತುದಿ ನೋವೇ ಇಲ್ಲ, ಆ ತುದಿ ತಡೆಯೋಕಾಗದ ನೋವು, ನಿಮ್ಮದು ಎಲ್ಲಿ" ಅಂದರೆ, ಕಾಗದವನ್ನೇ ತಿರುಗಿಸಿ ತಿರುಗಿಸಿ ನೋಡೋರು. ಒಬ್ಬರು ಹಿರಿಯರು ಗೆರೆ ಪಕ್ಕಕ್ಕೆ ಸರಿಸಿ, "ರೂಪಾಯಿಗೆ ಆರಾಣೆ ಐತ್ರಿ" ಅಂದರು. ಹದಿನಾರರಲ್ಲಿ ಆರು, ಹತ್ತರ ಲೆಕ್ಕದಲ್ಲಿ ಹೆಚ್ಚುಕಮ್ಮಿ 4. ಹಾಗೇ ಬರೆದುಕೊಂಡೆ. ಗೈಡ್‌ಗೆ ಗೊತ್ತಾಗಿ ಉಗಿಸಿಕೊಂಡೆ. ಒಪ್ಪಿತವಾದ ಅಳತೆಯನ್ನು ಮನಸ್ಸಿಗೆ ಬಂದ ಹಾಗೆ ಬದಲಿಸಬಾರದು ಅನ್ನೋದು ಸರಿಯೇ. ಆದರೂ ಆ ಆರಾಣೆಯಷ್ಟು ನಿಖರವಾದ ಉತ್ತರ ನನಗೆ ಇನ್ಯಾರಿಂದಲೂ ಸಿಗಲಿಲ್ಲ.

ಈಗ 3 ತಿಂಗಳಿಗೆ ಬರೋಣ. ಹರ್ನಿಯಾದಲ್ಲಿ ಅದೇ ಮುಖ್ಯ ಅಂತ ನಿಮಗೆ ಗೊತ್ತಿದೆ. ಮೂರು ತಿಂಗಳು ದಾಟಿಯೂ ನೋವು ಉಳಿದರೆ ಅದಕ್ಕೆ ದೀರ್ಘಕಾಲದ ನೋವು ಅಂತ ಹೆಸರು. 2018ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ನೂರರಲ್ಲಿ 10ರಿಂದ 12 ಜನಕ್ಕೆ ಹೀಗಾಗುತ್ತದೆ. ನನ್ನ 60 ಜನರಲ್ಲಿ ಓಪಿಡಿಗೆ ಬಂದವರು 41. ಅವರಲ್ಲಿ ನೋವು ಅಂದವರು ಇಬ್ಬರು, ಇಬ್ಬರೂ ಸ್ಪೈನಲ್ ಗುಂಪಿನವರು. ಉಳಿದ 19 ಜನರ ಫೋನ್ ಸ್ವಿಚ್ ಆಫ್, ಇಲ್ಲಾ ನಂಬರ್ ಬೇರೆ ಯಾರದೋ.

ಎಕ್ಸೆಲ್ ಹಾಳೆಯಲ್ಲಿ 19 ಖಾಲಿ ಮನೆ. ಥೀಸಿಸ್ ಕೊಡಲು ಎರಡು ವಾರ ಬಾಕಿ. ರಾತ್ರಿ ಹಾಸ್ಟೆಲ್‌ನಲ್ಲಿ ಸೀನಿಯರ್ ಒಬ್ಬರು ನೋಡಿ, "ಬರಲಿಲ್ಲ ಅಂದ್ರೆ ಆರಾಮಾಗಿದ್ದಾರೆ ಅಂತ ಅರ್ಥ ಕಣೋ. ನೋವಿದ್ರೆ ಓಡಿ ಬರ್ತಿದ್ರು. ಸೊನ್ನೆ ಹಾಕು" ಅಂದರು.

ಹಾಕಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಬೇಜಾರಾದರೂ ಓದಿ. ಆ ರಾತ್ರಿ ನಾನು ಸುಳ್ಳು ಬರೆಯುತ್ತಿದ್ದೇನೆ ಅಂತ ನನಗೆ ಅನಿಸಲೇ ಇಲ್ಲ. ಖಾಲಿ ಮನೆ ಬಿಟ್ಟರೆ ಸಾಫ್ಟ್‌ವೇರ್ ಆ ಸಾಲನ್ನೇ ಎಣಿಕೆಗೆ ತಗೊಳ್ಳಲ್ಲ, 60 ಅಂತ ಒಪ್ಪಿಸಿದ ಥೀಸಿಸ್ 41 ಆಗುತ್ತದೆ, ಗೈಡ್ ಮುಖ ಹೇಗೆ ನೋಡೋದು ಅನ್ನೋದಷ್ಟೇ ತಲೆಯಲ್ಲಿತ್ತು. ಸೊನ್ನೆ ಅಂದರೆ ಏನೂ ಇಲ್ಲ, ಖಾಲಿ ಅಂದರೂ ಏನೂ ಇಲ್ಲ, ಎರಡೂ ಒಂದೇ ತಾನೇ ಅನಿಸಿತು. ಒಂದೇ ಅಲ್ಲ. ಸೊನ್ನೆ ಅಂದರೆ "ನಾನು ಈ ಮನುಷ್ಯನನ್ನು ಕೇಳಿದೆ, ನೋವಿಲ್ಲ ಅಂದ." ಖಾಲಿ ಅಂದರೆ "ಕೇಳಲಿಲ್ಲ." ಕೇಳದೇ ಇದ್ದ 19 ಜನರ ಬಾಯಲ್ಲಿ ನಾನೇ ಮಾತು ಹಾಕಿದೆ. ಅದೂ ಒಂದೊಂದಾಗಿ ಅಲ್ಲ, ಒಂದು ಮನೆಯಲ್ಲಿ ಬರೆದು ಮೌಸ್ ಹಿಡಿದು ಕೆಳಗೆ ಎಳೆದೆ.

60ರಲ್ಲಿ 2, ನೂರಕ್ಕೆ 3.3. ಎಂಥಾ ಚೆಂದದ ಅಂಕಿ! ಅದರ ಮೇಲೆ ಲೋಕಲ್ ಗುಂಪಿನಲ್ಲಿ ನೋವು ಸೊನ್ನೆ. ಥೀಸಿಸ್ ಪಾಸಾಯಿತು, ಯಾರೂ ಕೇಳಲಿಲ್ಲ. ಅದನ್ನೇ ಪೇಪರ್ ಮಾಡಿ ಜರ್ನಲ್ ಒಂದಕ್ಕೆ ಕಳಿಸಿದೆ. ಕೆಲಸದ ಸಂದರ್ಶನಕ್ಕೆ ಅದರ ಮೇಲೇ ಲೆಕ್ಕ ಹಾಕಿಕೊಂಡಿದ್ದೆ.

ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸುವ ವಿಮರ್ಶಕರು ಒಂದೇ ಒಂದು ಪ್ರಶ್ನೆ ಕೇಳಿದರು. ಹಳ್ಳಿಯ ಕೂಲಿಕಾರರು, ಮೂರು ತಿಂಗಳು, 60ಕ್ಕೆ 60 ಜನ ಹೇಗೆ ಬಂದರು? ಪ್ರತಿಯೊಬ್ಬರು ಬಂದ ತಾರೀಖು ಕಳಿಸಿ. ಅಷ್ಟೇ. ನಾನು ನೋವಿನ ಕಾಲಂಗೆ ಸೊನ್ನೆ ತುಂಬಿದ್ದೆ, ತಾರೀಖಿನ ಕಾಲಂ ಮರೆತಿದ್ದೆ. ಅಲ್ಲಿ 19 ಮನೆ ಹಾಗೇ ಖಾಲಿ ಇದ್ದವು. ತಾರೀಖು ಹುಟ್ಟಿಸಿ ಬರೆಯಬಹುದಿತ್ತು. ಕೈ ಬರಲಿಲ್ಲ. ಅಲ್ಲಿಗೆ ಮಾತ್ರ ದೇವರು ಬುದ್ಧಿ ಕೊಟ್ಟ.

ರೋಗಿಗಳ ಮೇಲಿನ ಅಧ್ಯಯನಕ್ಕೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೆ ಇದ್ದದ್ದು ಇದ್ದಂತೆ ಬರೆದು ಅನುಮತಿ ತಗೊಂಡು, ಭಾನುವಾರಗಳಲ್ಲಿ ಬೈಕ್ ಹತ್ತಿದೆ. ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ. ನಕ್ಷೆಯಲ್ಲಿ ಆ ಊರುಗಳಿಗೆ ಚುಕ್ಕಿ ಇಟ್ಟಾಗ ಹೊಳೆಯಿತು. ಕಾಲುವೆ ನೀರಿರುವ ಊರಿನವರು ಹೆಚ್ಚುಕಮ್ಮಿ ಎಲ್ಲರೂ ಓಪಿಡಿಗೆ ಬಂದಿದ್ದರು. ಬಾರದವರಲ್ಲಿ ಬಹುಪಾಲು ಒಣಭೂಮಿಯವರು. ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವ ಊರಿನವರು. ನಾನು ನವೆಂಬರ್‌ನಲ್ಲಿ ಆಪರೇಷನ್ ಮಾಡಿ ಫೆಬ್ರುವರಿಗೆ ಬನ್ನಿ ಅಂದಿದ್ದೆ. ಇಲ್ಲೇ ಹುಟ್ಟಿ ಬೆಳೆದವನಿಗೆ ಇಷ್ಟು ತಿಳಿಯಬಾರದಾ?

ಹನ್ನೊಂದು ಜನ ಸಿಕ್ಕರು. ಒಬ್ಬರು ಬೇರೆ ಕಾಯಿಲೆಯಿಂದ ತೀರಿಕೊಂಡಿದ್ದರು. ಒಬ್ಬರು "ನನ್ನ ಬಿಟ್ಬಿಡ್ರಿ" ಅಂತ ಕೈ ಮುಗಿದರು, ಬಿಟ್ಟೆ, ಅದು ಅವರ ಹಕ್ಕು. ಆರು ಜನ ಇವತ್ತಿಗೂ ಸಿಕ್ಕಿಲ್ಲ. ಸಿಕ್ಕ 11 ಜನರಲ್ಲಿ ನಾಲ್ವರಿಗೆ ನೋವಿತ್ತು. ಅವರಲ್ಲಿ ಒಬ್ಬರಿಗೆ ಕೀವಾಗಿ, ಬೇರೆ ಆಸ್ಪತ್ರೆಯಲ್ಲಿ ಮೆಶ್ಶೇ ತೆಗೆಸಿದ್ದರು. ನನ್ನ ಹಾಳೆಯಲ್ಲಿ ಅವರೂ ಸೊನ್ನೆ.

ಆರಾಣೆಯ ಹಿರಿಯರು ಕಾರಟಗಿಯ ಒಂದು ಮಿಲ್ಲಿನಲ್ಲಿ ಸಿಕ್ಕರು. ಸೀಮೆಸುಣ್ಣ ಹಿಡಿದು ಗೋಡೆ ಮೇಲೆ ಚೀಲದ ಲೆಕ್ಕ ಗೀಚುತ್ತಾ ಕೂತಿದ್ದರು. ಆರಾಮಾ ಅಂತ ಕೇಳಿದೆ. "ಆರಾಮ್ ಅದೀನ್ರಿ ಸಾಹೇಬ್ರ" ಅಂದರು. ಓಪಿಡಿಯಲ್ಲಾಗಿದ್ದರೆ ಅಲ್ಲಿಗೆ ಮುಗೀತು, ಸೊನ್ನೆ. ಆದರೆ ಪಕ್ಕದಲ್ಲೇ ಚೀಲದ ರಾಶಿ ಇತ್ತು. ಚೀಲ ಹೊರ್ತೀರಾ ಅಂದೆ.

"ಚೀಲ ಎಲ್ಲಿ ಹೊರ್ಲಿ? ಬಗ್ಗಿದ್ರ ಕರೆಂಟ್ ಹೊಡದಂಗ ಆಕ್ಕತಿ. ಅದಕ್ಕ ಬೆಂಗಳೂರಿಗೆ ಹೋಗಿ ಬಿಲ್ಡಿಂಗ್‌ನ್ಯಾಗ ವಾಚ್‌ಮ್ಯಾನ್ ಇದ್ದೆ."

ನಮ್ಮ ಹತ್ತಿರ ಯಾಕೆ ಬರಲಿಲ್ಲ ಅಂದೆ.

"ಮೂರ್ ವಾರಕ್ಕ ಚೀಲ ಎತ್ತಿದ್ದೆ. ಬೈತೀರಿ ಅಂತ ಬರ್ಲಿಲ್ಲ. ಮತ್ತ ನೀವು ಬ್ಯಾಸಿಗ್ಯಾಗ ಬಾ ಅಂದ್ರಿ, ಬ್ಯಾಸಿಗ್ಯಾಗ ಎಲ್ಲಿರ್ತಿ ಅಂತ ಕೇಳ್ಲಿಲ್ಲ."

ನೋವಿತ್ತು, ಅದಕ್ಕೇ ಚೀಲ ಹೊರಲಾಗಲಿಲ್ಲ. ಚೀಲ ಹೊರಲಾಗಲಿಲ್ಲ, ಅದಕ್ಕೇ ಊರು ಬಿಟ್ಟರು. ಊರು ಬಿಟ್ಟರು, ಅದಕ್ಕೇ ಓಪಿಡಿಗೆ ಬರಲಿಲ್ಲ. ನನ್ನ ಸೀನಿಯರ್ ಹೇಳಿದ್ದು ಪೂರ್ತಿ ತಲೆಕೆಳಗು.

ಇನ್ನೊಂದು ಸಂಗತಿ ಹೊಳೆಯಲು ತಿಂಗಳುಗಟ್ಟಲೆ ಬೇಕಾಯಿತು. ಬಾರದ 19 ಜನರಲ್ಲಿ ಲೋಕಲ್‌ನವರು 12, ಸ್ಪೈನಲ್‌ನವರು 7. ಯಾಕೆ? ಸ್ಪೈನಲ್‌ನವರು ಎರಡು ಮೂರು ದಿನ ವಾರ್ಡಿನಲ್ಲಿದ್ದರು. ನರ್ಸಮ್ಮನ ಪರಿಚಯ, ನನ್ನ ಪರಿಚಯ, ಪಕ್ಕದ ಬೆಡ್ಡಿನವರ ಪರಿಚಯ ಆಗಿತ್ತು. ಲೋಕಲ್‌ನವರನ್ನು ಅದೇ ದಿನ ಸಂಜೆ ಬಸ್ ಹತ್ತಿಸಿದ್ದೆವು. ಮುಖ ನೆನಪಿರುವಷ್ಟು ಸಂಬಂಧವೂ ಇರಲಿಲ್ಲ. ಅಂದರೆ ನಾನು ಪರೀಕ್ಷಿಸುತ್ತಿದ್ದ ಚಿಕಿತ್ಸೆಯೇ ರೋಗಿಗಳನ್ನು ನನ್ನ ಕಣ್ಣಿನಿಂದ ಮರೆ ಮಾಡಿತ್ತು! ಹುಡುಕಿ ಸೇರಿಸಿದ ಮೇಲೆ ಲೋಕಲ್‌ನಲ್ಲಿ 25ಕ್ಕೆ 3, ಸ್ಪೈನಲ್‌ನಲ್ಲಿ 27ಕ್ಕೆ 3. ಒಟ್ಟು 52ಕ್ಕೆ 6, ನೂರಕ್ಕೆ 11.5. ಲೋಕಲ್‌ನಿಂದ ದೀರ್ಘಕಾಲದ ನೋವು ಕಡಿಮೆ ಅಂತ ನಾನು ಬರೆದದ್ದು ಆ ಸೊನ್ನೆಗಳ ಮೇಲೇ ನಿಂತಿತ್ತು. ಬೇಗ ಮನೆಗೆ ಹೋಗುತ್ತಾರೆ, ಮೂತ್ರ ಕಟ್ಟೋದು ಕಡಿಮೆ ಅನ್ನೋದು ಮಾತ್ರ ಉಳಿಯಿತು, ಅದು ಎಲ್ಲರೂ ಕಣ್ಣೆದುರಿಗೆ ಇದ್ದಾಗ ನೋಡಿದ್ದು.

ಪೇಪರ್ ವಾಪಸ್ ತಗೊಂಡೆ. ಹೊಸ ಅಂಕಿ ಹಾಕಿ ಕಳಿಸಬಹುದಿತ್ತಲ್ಲ ಅನ್ನಬೇಡಿ. ವರ್ಷ ದಾಟಿದ ಮೇಲೆ ಕೇಳಿ ಪಡೆದದ್ದು 3 ತಿಂಗಳ ಉತ್ತರ ಆಗಲ್ಲ. ನಿಮ್ಮ ಗೈಡ್ ಏನಂದರು ಅಂತ ಕೇಳಬಹುದು. "ಪಾಸಾದ ಮೇಲೆ ಯಾಕೆ ಕೆದಕ್ತೀಯಾ" ಅಂದರು. ಕೆಲಸವೂ ಆ ಸಲ ಕೈತಪ್ಪಿತು.

ಈಗ ನಿಮ್ಮ ವಿಷಯ. ಹೊಸಬರನ್ನು ಸೇರಿಸಿದರೆ ಎಷ್ಟು ಜನ ಅನ್ನೋದು ತುಂಬುತ್ತದೆ, ಯಾರು ಕಾಣೆಯಾದರು ಅನ್ನೋದು ಹಾಗೇ ಉಳಿಯುತ್ತದೆ. ಹೊಸಬರಲ್ಲೂ ಗುಳೆ ಹೋಗುವವರು ಹೋಗೇ ಹೋಗುತ್ತಾರೆ. ಬಿಟ್ಟು ಲೆಕ್ಕ ಮಾಡಿದರೆ ಆಸ್ಪತ್ರೆಗೆ ಬರುವ ಅನುಕೂಲ ಇದ್ದವರ ಚೇತರಿಕೆಯಷ್ಟೇ ನಿಮ್ಮ ಥೀಸಿಸ್. ರೋಗಿಗಳು ಬಂದಿಲ್ಲ ಅಂತ ಬರೆದಿದ್ದೀರಿ. ನೀವು ಎಷ್ಟು ಜನರ ಊರಿಗೆ ಹೋಗಿದ್ದೀರಿ ಅಂತ ಬರೆದಿಲ್ಲ. ಸಿಟ್ಟಾಗಬೇಡಿ, ನಾನೂ ಹೋಗಿರಲಿಲ್ಲ.

ನಿಮಗೆ ಇನ್ನೂ ಒಂದು ವರ್ಷ ಇದೆ, ಅದು ದೊಡ್ಡ ಭಾಗ್ಯ. ಫೋನಿನಲ್ಲಿ, ಮನೆಗೆ ಹೋಗಿ ಕೇಳಲು ಎಥಿಕ್ಸ್ ಕಮಿಟಿಗೆ ತಿದ್ದುಪಡಿ ಕೊಡಿ, ಬಸ್ ಚಾರ್ಜ್ ಕೊಡುವುದಿದ್ದರೆ ಅದನ್ನೂ ಅದರಲ್ಲೇ ಬರೆಯಿರಿ. ಸಿಟಿಆರ್‌ಐನಲ್ಲಿ ಅಂದರೆ ರೋಗಿಗಳ ಮೇಲಿನ ಪ್ರಯೋಗಗಳ ದೇಶದ ದಾಖಲೆಪಟ್ಟಿಯಲ್ಲಿ ನೋಂದಾಯಿಸಿದ್ದರೆ ಅಲ್ಲೂ ಬದಲಾವಣೆ ಹಾಕಿ. ಇನ್ನು ಮುಂದೆ ಸೇರಿಸುವ ಪ್ರತಿ ರೋಗಿಯ ಹತ್ತಿರ ಊರಲ್ಲೇ ಉಳಿಯುವ ಒಬ್ಬರ ನಂಬರ್ ತಗೊಳ್ಳಿ. ಮಗನದು ಬೇಡ, ಮಗನೂ ಗುಳೆ ಹೋಗುತ್ತಾನೆ. ಅಜ್ಜಿಯದು, ಕಿರಾಣಿ ಅಂಗಡಿಯವರದು ಆಗಬಹುದು. ಆದರೆ ಅಂಗಡಿಯವರಿಗೆ ಕಾಯಿಲೆ ಹೆಸರು ಹೇಳಬೇಡಿ. ಹರ್ನಿಯಾ ವಿಷಯ ಹೆಂಡತಿಗೂ ಮುಚ್ಚಿಟ್ಟವರನ್ನು ನಾನು ನೋಡಿದ್ದೇನೆ. ಆಶಾ ಕಾರ್ಯಕರ್ತೆಗೆ ಊರಿನ ಯಾರು ಎಲ್ಲಿದ್ದಾರೆ ಅಂತ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಮಾತಾಡುವಾಗ ಆರಾಮಾ ಅನ್ನಬೇಡಿ, ಮರ್ಯಾದೆಗೆ ಎಲ್ಲರೂ ಆರಾಮೇ. ಏನು ಕೆಲಸ ಮಾಡ್ತಿದ್ದೀರಿ, ಮೊದಲು ಮಾಡ್ತಿದ್ದ ಕೆಲಸ ಯಾಕೆ ಬಿಟ್ಟಿರಿ ಅಂತ ಕೇಳಿ. ಆಮೇಲೆ ಬೇಕಾದರೆ ನಿಮ್ಮ ಗೆರೆ ತೋರಿಸಿ.

ಇಷ್ಟಾದರೂ ಕೆಲವರು ಸಿಗಲ್ಲ. ಅವರನ್ನು ಖಾಲಿ ಅಂತಲೇ ಬರೆಯಿರಿ. ಎಷ್ಟು ಜನ ಸೇರಿದರು, ಯಾವ ಗುಂಪಿನಿಂದ ಎಷ್ಟು ಜನ ಯಾವಾಗ ಕಾಣೆಯಾದರು ಅನ್ನೋದನ್ನು ಕನ್ಸಾರ್ಟ್ ಅನ್ನುವ ನಿಗದಿತ ನಮೂನೆಯ ಚಿತ್ರದಲ್ಲಿ ತೋರಿಸಿ. ಸಿಗದವರೆಲ್ಲರಿಗೂ ನೋವಿತ್ತು ಅಂದುಕೊಂಡು ಒಮ್ಮೆ, ಯಾರಿಗೂ ಇರಲಿಲ್ಲ ಅಂದುಕೊಂಡು ಒಮ್ಮೆ ಲೆಕ್ಕ ಹಾಕಿ. ಎರಡರಲ್ಲೂ ಫಲಿತಾಂಶ ಒಂದೇ ದಿಕ್ಕಿಗೆ ಬಂದರೆ ಧೈರ್ಯವಾಗಿ ಬರೆಯಿರಿ. ಬೇರೆ ಬೇರೆ ಬಂದರೆ ಹಾಗಂತಲೇ ಬರೆಯಿರಿ. ಗೈಡ್‌ಗೆ ಈ ಎರಡು ಲೆಕ್ಕವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಬರಿಗೈಲಿ ಹೋದರೆ ಬೈಗುಳವೇ ಗತಿ.

ಕೊನೆಗೊಂದು, ಗುಳೆ ಹೋದವರನ್ನು ಬೆಂಗಳೂರಲ್ಲಿ ಹುಡುಕಬೇಡಿ. ಕೊಪ್ಪಳದ ಗವಿಮಠದ ಜಾತ್ರೆ ಜನವರಿಯಲ್ಲಿ, ಆಮೇಲೆ ಯುಗಾದಿ. ಮುದಗಲ್ ಕಡೆಯವರಾದರೆ ಮೊಹರಂಗೆ ಎಲ್ಲಿದ್ದರೂ ಊರಿಗೆ ಬರುತ್ತಾರೆ. ಆ ವಾರಗಳ ಡ್ಯೂಟಿ ಈಗಲೇ ಯಾರ ಜೊತೆಗಾದರೂ ಬದಲಾಯಿಸಿಕೊಳ್ಳಿ.