ಮಳೆಗಾಲಕ್ಕೆ ಮೊದಲೇ ಬೋಟ್ ಸರ್ವಿಸ್ ಮಾಡಿಸಬೇಕಾ, ಅಕ್ಟೋಬರ್‌ಗೆ ಬಿಟ್ಟರೆ ನಡೆಯುತ್ತಾ?

ಮೇ ಕೊನೆಯವರೆಗೂ ಕಾರವಾರದ ಕಾಳಿ ನದಿಯಲ್ಲಿ ಮಕ್ಕಳನ್ನು ಟ್ಯೂಬ್ ಮೇಲೆ ಎಳೆದಾಡಿಸಿ, ಬೋಟಿನ ಹಿಂಬದಿಗೆ ಕಟ್ಟುವ 40 ಎಚ್‌ಪಿ ಔಟ್‌ಬೋರ್ಡ್ ಇಂಜಿನ್ನಿನ ಸರ್ವಿಸ್ ಜೂನ್‌ನಲ್ಲಿ ಲೋಕಲ್ ಮೆಕ್ಯಾನಿಕ್ ಹತ್ತಿರವಾ, ಅಕ್ಟೋಬರ್‌ನಲ್ಲಿ ಡೀಲರ್ ಹತ್ತಿರವಾ ಅಂತ ಕೇಳಿ, ಅಕ್ಟೋಬರ್‌ನಲ್ಲಿ ಮಾಡಿಸಿದರಾಯ್ತು ಅಂದಿದ್ದೀರಿ. 2022ರಲ್ಲಿ ನಾನೂ ಹೀಗೇ ಅಂದುಕೊಂಡಿದ್ದೆ. 42 ಸಾವಿರ ರೂಪಾಯಿ ಹೋಯ್ತು.

ನಮ್ಮದು 16 ಅಡಿಯ ಫೈಬರ್ ಬೋಟ್. ನಾನೂ ಶಿರಸಿಯ ಭಾವನೂ ಅರ್ಧರ್ಧ ದುಡ್ಡು ಹಾಕಿ ತಗೊಂಡದ್ದು. ಸದಾಶಿವಗಡದ ಬದಿಗೆ ಕಟ್ಟುತ್ತಿದ್ದೆವು. ಬೇಸಿಗೆ ರಜೆ ಬಂತು ಅಂದರೆ ಅಕ್ಕನ ಮಕ್ಕಳು ಘಟ್ಟ ಇಳಿದು ಬರುತ್ತಾರೆ. "ಮಾವ, ಇನ್ನೊಂದೇ ರೌಂಡ್" ಅನ್ನುತ್ತಾ ಪೆಟ್ರೋಲ್ ಖಾಲಿ ಮಾಡಿಸುತ್ತಾರೆ.

ಆ ವರ್ಷದ ಕೊನೇ ರೌಂಡ್ ಮೇ 29, ಭಾನುವಾರ. ಹೊಳೆ ಬದಿಯಲ್ಲಿ ಯಾರೋ ಗಾಳ ಹಾಕಿ ಕೂತಿದ್ದರು. ನಾನು ಸ್ವಲ್ಪ ಹತ್ತಿರದಿಂದಲೇ ತಿರುಗಿಸಿದೆ. ಇಂಜಿನ್ ಒಮ್ಮೆ ಮುಕ್ಕಿತು, ಮತ್ತೆ ಸರಿಯಾಯ್ತು. ಬಗ್ಗಿ ನೋಡಿದೆ, ಏನೂ ಕಾಣಲಿಲ್ಲ. ಮನೆಗೆ ತಂದು, ಇಂಜಿನ್ ಮೇಲಕ್ಕೆತ್ತಿ, ತಾಡಪಾಲು ಹೊದೆಸಿ ಮರೆತುಬಿಟ್ಟೆ.

ಎಡವಿದ್ದು ಇಲ್ಲೇ. ಗಾಳದ ನೈಲಾನ್ ದಾರ ಸಿಕ್ಕಿಕೊಂಡರೆ ಪ್ರೊಪೆಲ್ಲರ್ ರೆಕ್ಕೆಗೆ ಸುತ್ತಿ ನಿಮಗೆ ಕಾಣುವ ಹಾಗೆ ನಿಲ್ಲಬೇಕಂತಿಲ್ಲ. ಪ್ರೊಪೆಲ್ಲರ್ ಹಿಂದೆ ನುಸುಳಿ, ಅದನ್ನು ತಿರುಗಿಸುವ ದಂಡಕ್ಕೆ, ಅಂದರೆ ಶಾಫ್ಟಿಗೆ, ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಹೊರಗಿನಿಂದ ಎಷ್ಟೇ ಇಣುಕಿದರೂ ಕಾಣುವುದಿಲ್ಲ. ಅಲ್ಲೇ ಒಂದು ರಬ್ಬರ್ ಸೀಲ್ ಇದೆ. ಒಳಗಿನ ಗೇರ್ ಆಯಿಲ್ ಹೊರಗೆ ಬರದಂತೆ, ಹೊರಗಿನ ನೀರು ಒಳಗೆ ಹೋಗದಂತೆ ತಡೆಯೋದು ಅದೇ. ಅದರ ತುಟಿ ತೀರಾ ತೆಳು. ಶಾಫ್ಟ್ ತಿರುಗಿದಂತೆ ದಾರ ಬಿಸಿಯಾಗಿ ಕರಗಿ, ಗಟ್ಟಿಯಾಗಿ, ಆ ತುಟಿಯನ್ನು ಕೊರೆದುಬಿಡುತ್ತದೆ. ಆಮೇಲೆ ಉಪ್ಪುನೀರು ಸುಮ್ನೆ ಒಳಗೆ ಹೋಗಿ ಕೂರುತ್ತದೆ. ಆಗ ಇಂಜಿನ್ ಶಬ್ದದಲ್ಲೂ ವ್ಯತ್ಯಾಸ ಇಲ್ಲ, ಓಟದಲ್ಲೂ ಇಲ್ಲ. ಓಡಿಸುವಾಗ ಆಗುವ ಹಾನಿ ಕಡಿಮೆ. ನಾಲ್ಕು ತಿಂಗಳು ಅಲ್ಲಾಡದೆ ನಿಂತಾಗಲೇ ಆ ನೀರು ಬೇರಿಂಗು, ಗೇರುಗಳನ್ನು ತಿನ್ನೋದು.

ದಸರಾ ಮುಗಿಸಿ ಮೆಕ್ಯಾನಿಕ್ ಕರೆಸಿದೆ. ಅವರು ಗೇರ್ ಕೇಸಿನ ಕೆಳಗಿನ ಸ್ಕ್ರೂ ಸಡಿಲಿಸಿದರು. ಮೊದಲು ಒಂದೆರಡು ಚಮಚದಷ್ಟು ತುಕ್ಕುನೀರು ಬಂತು. ಹಿಂದೆಯೇ ಹಾಲು ಹಾಕಿದ ಚಾದಂಥದ್ದು ದಪ್ಪಗೆ ಇಳಿಯಿತು. "ಎಂತ ಮಾರಾಯ್ರೆ, ಒಳಗೆ ಚಾ ಕಾಸಿಟ್ಟಿದ್ರಾ?" ಅಂದರು. ಪ್ರೊಪೆಲ್ಲರ್ ತೆಗೆದರೆ ಹಿಂದೆ ಹಸಿರು ದಾರದ ಬಳೆ. ಬೇರಿಂಗ್, ಗೇರ್, ಶಾಫ್ಟ್ ಎಲ್ಲಾ ಹೋಗಿತ್ತು. ಮೇ ತಿಂಗಳಲ್ಲೇ ನೋಡಿದ್ದರೆ ಬರೀ ಸೀಲ್ ಬದಲಿಸಿ ಮುಗಿಸಬಹುದಿತ್ತು. ಭಾವ ಒಂದು ಮಾತೂ ಬೈಯಲಿಲ್ಲ. ತನ್ನ ಪಾಲಿನ 21 ಸಾವಿರ ಕಳಿಸಿ ಸುಮ್ಮನಾದ. ಬೈದಿದ್ದರೇ ಚೆನ್ನಾಗಿತ್ತು.

ಹಾಗಾಗಿ ಜೂನ್‌ನಲ್ಲಿ ಲೋಕಲ್ ಮೆಕ್ಯಾನಿಕ್ಕಾ, ಅಕ್ಟೋಬರ್‌ನಲ್ಲಿ ಡೀಲರಾ ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಕೊನೇ ರೌಂಡಿನ ದಿನ ಸಂಜೆ ನೀವೇ ಪ್ರೊಪೆಲ್ಲರ್ ತೆಗೆಯಿರಿ. ಮೊದಲು ಕೀಲಿ ತೆಗೆದಿಡಿ, ಇಂಜಿನ್ ಸ್ಟಾರ್ಟ್ ಆಗುವ ಹಾಗೇ ಇರಬಾರದು. ಒಂದು ಪಿನ್, ಒಂದು ನಟ್, ಅಷ್ಟೇ. ಬಿಡಿಭಾಗ ಬಂದ ಕ್ರಮದಲ್ಲೇ ಬಟ್ಟೆ ಮೇಲೆ ಸಾಲಾಗಿ ಇಡಿ. ದಾರ ಇದ್ದರೆ ಕಿತ್ತು, ಹಳೇ ಗೇರ್ ಆಯಿಲ್ ಪೂರ್ತಿ ಇಳಿಸಿ. ಹೊಸದನ್ನು ಕೆಳಗಿನ ತೂತಿನಿಂದ ತುಂಬಬೇಕು, ಮೇಲಿನ ತೂತಿನಲ್ಲಿ ಹೊರಬರೋವರೆಗೆ. ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು. ವಾಷರ್ ಹೊಸದೇ ಇರಲಿ. ಇಳಿಸಿದ ಆಯಿಲ್ ಬಿಳಿಚಿಕೊಂಡಿದ್ದರೆ ಮಾತ್ರ ಮರುದಿನವೇ ಮೆಕ್ಯಾನಿಕ್ ಕರೆಸಿ.

ಉಳಿದದ್ದು ನಿಮಗೂ ಗೊತ್ತಿರುತ್ತದೆ. ಪೈಪ್ ಹಚ್ಚಿ ಹತ್ತು ನಿಮಿಷ ಸಿಹಿನೀರಿನಲ್ಲಿ ಇಂಜಿನ್ ಓಡಿಸಿ. ನನ್ನ ಹಾಗೆ ಮೇಲಕ್ಕೆತ್ತಿ ಇಡಬೇಡಿ, ನೇರ ನಿಲ್ಲಿಸಿದರೆ ಒಳಗಿನ ನೀರು ಇಳಿದುಹೋಗುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡಿ. ಈಗಿನ ಪೆಟ್ರೋಲ್‌ನಲ್ಲಿ ಶೇ. 20 ಎಥೆನಾಲ್ ಇದೆ, ಅದು ನೀರಿನ ಪಸೆ ಎಳೆದುಕೊಳ್ಳುತ್ತದೆ. ಬಹಳಷ್ಟು ಔಟ್‌ಬೋರ್ಡ್ ಕೈಪಿಡಿಗಳು ಶೇ. 10 ದಾಟಬೇಡಿ ಅಂತಲೇ ಹೇಳುತ್ತವೆ. ಇಂಜಿನ್ನಿಗೆ ಆಂಟಿಫ್ರೀಜ್ ಹಾಕುವ ಯೂಟ್ಯೂಬ್ ವಿಡಿಯೋ ನೋಡಿ ದುಡ್ಡು ಸುರಿಯಬೇಡಿ. ಅದು ನೀರು ಹೆಪ್ಪುಗಟ್ಟಿ ಲೋಹ ಸೀಳುವ ಊರಿನವರಿಗೆ. ಕಾರವಾರದಲ್ಲಿ ಉಪ್ಪು ಮತ್ತು ತೇವ, ಇವೆರಡನ್ನು ನೋಡಿಕೊಂಡರೆ ಸಾಕು.

ಇನ್ನು ಮೇ ಕೊನೆಯವರೆಗೆ ಅನ್ನೋದೂ ಜಾಸ್ತಿಯಾಯ್ತು. 2021ರ ತೌಕ್ತೆ ಚಂಡಮಾರುತ ಮೇ ಮಧ್ಯದಲ್ಲೇ ನಮ್ಮ ಕರಾವಳಿಗೆ ಬಂದಿತ್ತು, ನೆನಪಿದೆ ಅಲ್ವಾ? ನಾನೀಗ 15ಕ್ಕೆ ಮುಗಿಸುತ್ತೇನೆ. ಅದೂ ಬೆಳಿಗ್ಗೆ ಆರೂವರೆಯಿಂದ ಒಂಬತ್ತರೊಳಗೆ, ಆ ಹೊತ್ತಿಗೆ ಭರತ (ಸಮುದ್ರದ ಉಬ್ಬರ) ಇರುವ ದಿನ ನೋಡಿಕೊಂಡು. ಆಗ ನೀರು ಕನ್ನಡಿಯ ಹಾಗೆ ಇರುತ್ತದೆ, ಮರಳ ದಿಬ್ಬಕ್ಕೆ ತಾಗುವ ಭಯವೂ ಕಡಿಮೆ. ಮಧ್ಯಾಹ್ನ ಪಡುವಣ ಗಾಳಿ ಎದ್ದರೆ ಟ್ಯೂಬ್ ಮೇಲಿನ ಮಕ್ಕಳಿಗೆ ಸೊಂಟ ನೋವು ಬಿಟ್ಟರೆ ಏನೂ ಸಿಗಲ್ಲ. ಅಳಿವೆ ಕಡೆ ಹೋಗಲೇಬೇಡಿ, ಕಡವಾಡದ ಕಡೆ ಮೇಲಕ್ಕೆ ಹೋಗಿ. ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದ ಮೇಲೆ ಆ ಜಾಗದ ಹತ್ತಿರ ನಾನು ಯಾರನ್ನೂ ಎಳೆಯೋದಿಲ್ಲ.

ಓಡಿಸುವವರ ಜೊತೆ ಹಿಂದಕ್ಕೆ ನೋಡುತ್ತಾ ಕೂರಲು ಇನ್ನೊಬ್ಬರು ಬೇಕೇ ಬೇಕು. ಬಿದ್ದ ಮಗುವನ್ನು ಎತ್ತಿಕೊಳ್ಳುವಾಗ ನ್ಯೂಟ್ರಲ್ ಸಾಲದು, ಇಂಜಿನ್ ಪೂರ್ತಿ ಬಂದ್ ಮಾಡಿ. ಎಳೆಯುವ ಹಗ್ಗದ ಬಣ್ಣ ಬಿಸಿಲಿಗೆ ಮಾಸಿ, ಮುಟ್ಟಿದರೆ ಮುಳ್ಳುಮುಳ್ಳಾಗಿದ್ದರೆ ಹೊಸದು ತನ್ನಿ. ನಮ್ಮ ಹಳೇದನ್ನು ಭಾವ ಶಿರಸಿಗೆ ಒಯ್ದ. ಈಗ ಅದರಲ್ಲಿ ಅವನ ಮನೆಯ ಅಡಿಕೆ ಮೂಟೆ ಕಟ್ಟುತ್ತಾರೆ.